ಬದುವಿಲ್ಲದ ಬಯಲು: ಸಂಕೇತಗಳಿಂದ ತರಂಗ ಹಂಚಿಕೆ

ಸೊರಬ, ಶಿಕಾರಿಪುರಗಳ ಕಡೆ ರೇಡಿಯೋ ಕೇಳಿ ಬೆಳೆದವರಿಗೆ ಮುಳ್ಳು ತಿರುಗಿಸುವುದೆಂದರೇನೆಂದು ವಿವರಿಸಬೇಕಾಗಿಲ್ಲ. ೬೭೫ ಕಿಲೋಹರ್ಟ್ಸ್‌ಗೆ ತಂದರೆ ಭದ್ರಾವತಿ ಆಕಾಶವಾಣಿ, ತುಸು ಮುಂದೆ ೭೬೫ಕ್ಕೆ ಸರಿಸಿದರೆ ಧಾರವಾಡ. ಒಂದೊಂದು ನಿಲಯಕ್ಕೂ ಒಂದೊಂದು ಕಂಪನಾಂಕ; ಎರಡರ ನಡುವೆ ಒಂದಿಷ್ಟು ತೆರವು. ಒಂದು ನಿಲಯ ಮಾತನಾಡಿ ಲಕ್ಷ ಜನ ಕೇಳುವ ಕಾಲಕ್ಕೆ ಈ ಏರ್ಪಾಡು ಧಾರಾಳವಾಗಿ ಸಾಕಾಗಿತ್ತು. ಆದರೆ ಮೊಬೈಲ್ ಫೋನ್ ಬಂದ ಮೇಲೆ ಪರಿಸ್ಥಿತಿ ಬುಡಮೇಲಾಯಿತು. ಈಗ ಕೇಳುವವನೂ ಪ್ರಸಾರಕನೇ. ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲಿಯೂ ಒಂದು ನಿಲಯ. ಇಷ್ಟು ನಿಲಯಗಳಿಗೆ ಆಕಾಶದಲ್ಲಿ ಎಡೆ ಎಲ್ಲಿಂದ ತರುವುದು?

ಈ ಎಡೆಯನ್ನೇ ವಾರ್ತಾಪತ್ರಿಕೆಗಳು ತರಂಗಾಂತರ ಎನ್ನುತ್ತವೆ. ಅದು ಹರಾಜಿಗೆ ಬರುತ್ತದೆ, ಆದರೆ ಬೆಳೆಯುವುದಿಲ್ಲ. ಇದ್ದಷ್ಟನ್ನೇ ಹಂಚಿಕೊಳ್ಳಬೇಕು. ಹಂಚಿಕೆಯ ವಿದ್ಯೆ ಕೆರೆಗಳ ಸೀಮೆಯಾದ ಸೊರಬದ ರೈತರಿಗೆ ಹೊಸದಲ್ಲ. ನೆಲವಾದರೆ ಬದು ಹಾಕಿ ಪಾಲು ಮಾಡುತ್ತೇವೆ. ನೀರಾದರೆ ತೂಬಿನ ಮುಂದೆ ಸರದಿ ಇಡುತ್ತೇವೆ. ಮೊಬೈಲ್ ವ್ಯವಸ್ಥೆಗಳೂ ಮೊದಲು ಈ ಎರಡನ್ನೇ ಮಾಡಿದವು. ಅಮೆರಿಕದ ಆರಂಭದ ವ್ಯವಸ್ಥೆಯಲ್ಲಿ ಒಂದು ಸಂಭಾಷಣೆಗೆ ೩೦ ಕಿಲೋಹರ್ಟ್ಸ್ ಅಗಲದ ಪಟ್ಟಿ. ಭಾರತಕ್ಕೆ ೧೯೯೫ರಲ್ಲಿ ಬಂದ ಜಿಎಸ್‌ಎಂ ವಿಧಾನದಲ್ಲಿ ೨೦೦ ಕಿಲೋಹರ್ಟ್ಸ್‌ನ ಪಟ್ಟಿಯನ್ನು ಎಂಟು ಮಂದಿ ಕ್ಷಣದ ತುಣುಕುಗಳಲ್ಲಿ ಸರದಿಯಂತೆ ಬಳಸಿದರು.

ಎರಡು ವಿಧಾನಗಳಿಗೂ ಒಂದು ತೊಡಕು ಸಮಾನ. ಒಂದು ಟವರಿಗೆ ಕೊಟ್ಟ ಪಟ್ಟಿಯನ್ನು ಪಕ್ಕದ ಟವರಿಗೆ ಕೊಡುವಂತಿಲ್ಲ. ಕೊಟ್ಟರೆ ಈ ಊರಿನ ಮಾತು ಆ ಊರಿನ ಮಾತಿನ ಮೇಲೆ ಬೀಳುತ್ತದೆ. ಆದುದರಿಂದ ಇರುವ ತರಂಗಾಂತರವನ್ನು ಏಳು ಪಾಲು ಮಾಡಿ ಏಳು ಟವರುಗಳಿಗೆ ಬೇರೆ ಬೇರೆಯಾಗಿ ಕೊಡುವುದು ಹಳೆಯ ಪದ್ಧತಿ. ಯಾವ ಟವರಿಗೂ ದಕ್ಕುವುದು ಏಳನೆಯ ಒಂದು ಪಾಲು ಮಾತ್ರ.

ಮೂರನೆಯ ಮಾರ್ಗವೊಂದಿದೆ: ಬದುವನ್ನೂ ಸರದಿಯನ್ನೂ ಕಿತ್ತುಹಾಕಿ, ಎಲ್ಲರೂ ಇಡೀ ಬಯಲಿನಲ್ಲಿ ಏಕಕಾಲಕ್ಕೆ ಮಾತನಾಡುವುದು. ಕೇಳಿದೊಡನೆ ಇದು ಹುಚ್ಚೆನಿಸುತ್ತದೆ. ಆದರೆ ಶಿಕಾರಿಪುರದ ಸಂತೆಯನ್ನು ನೆನೆಯಿರಿ. ಒಂದು ಕಡೆ ಕನ್ನಡದಲ್ಲಿ ಚೌಕಾಸಿ, ಮಗ್ಗುಲಲ್ಲಿ ಉರ್ದು, ಆಚೆ ತಾಂಡಾದಿಂದ ಬಂದವರ ಲಂಬಾಣಿ. ಎಲ್ಲವೂ ಒಂದೇ ಗಾಳಿಯಲ್ಲಿ, ಒಂದೇ ಗಳಿಗೆಯಲ್ಲಿ. ಆದರೂ ತನ್ನ ಭಾಷೆ ಕಿವಿಗೆ ಬಿದ್ದವನು ಅದನ್ನು ಹಿಡಿದುಕೊಳ್ಳುತ್ತಾನೆ; ಉಳಿದದ್ದು ಅವನ ಪಾಲಿಗೆ ಬರಿಯ ಗುಜುಗುಜು. ಸಿಡಿಎಂಎ ಎಂದು ಹೆಸರಾದ ಸಂಕೇತ ವಿಧಾನದಲ್ಲಿ ಪ್ರತಿ ಕರೆಗೂ ಇಂತಹ ಒಂದು ಭಾಷೆಯನ್ನು ಕೊಡುತ್ತಾರೆ.

ಈ ಭಾಷೆಯನ್ನು ಹೆಣೆದಿರುವುದು ಲೆಕ್ಕದಿಂದ. ಗಂಗೆ ಮತ್ತು ಗೌರಿ ಎಂಬ ಇಬ್ಬರಿಗೆ ನಾಲ್ಕು ಅಂಕಿಗಳ ಸಂಕೇತಗಳನ್ನು ಕೊಡೋಣ. ಗಂಗೆಯದು +೧, +೧, -೧, -೧. ಗೌರಿಯದು +೧, -೧, +೧, -೧. ‘ಹೌದು’ ಎನ್ನಬೇಕಾದರೆ ಸಂಕೇತವನ್ನು ಇದ್ದಂತೆಯೇ ಕಳುಹಿಸಬೇಕು. ‘ಇಲ್ಲ’ ಎನ್ನಬೇಕಾದರೆ ಚಿಹ್ನೆಗಳನ್ನು ತಿರುವಿ ಕಳುಹಿಸಬೇಕು. ಗಂಗೆ ‘ಹೌದು’ ಎಂದಾಗಲೇ ಗೌರಿ ‘ಇಲ್ಲ’ ಎಂದಳು. ಗಾಳಿಯಲ್ಲಿ ಎರಡೂ ಕೂಡಿ ೦, +೨, -೨, ೦ ಆಯಿತು. ಈ ಕಲಬೆರಕೆಯನ್ನು ಗಂಗೆಯ ಸಂಕೇತದೊಡನೆ ಅಂಕಿಗೆ ಅಂಕಿ ಗುಣಿಸಿ ಕೂಡಿಸಿದರೆ +೪ ಬರುತ್ತದೆ: ‘ಹೌದು’. ಗೌರಿಯ ಸಂಕೇತದೊಡನೆ ಗುಣಿಸಿ ಕೂಡಿಸಿದರೆ -೪: ‘ಇಲ್ಲ’. ಮಾತನ್ನೇ ಆಡದ ಮೂರನೆಯವಳೊಬ್ಬಳ ಸಂಕೇತ +೧, -೧, -೧, +೧ ಎಂದಿಟ್ಟುಕೊಂಡು ಗುಣಿಸಿದರೆ ಸೊನ್ನೆ. ಅವಳು ಮೌನವಾಗಿದ್ದಳೆಂಬುದನ್ನೂ ಲೆಕ್ಕವೇ ಹೇಳುತ್ತದೆ! ಇಂತಹ ಸಂಕೇತಮಾಲೆಗಳಿಗೆ ೧೯೨೩ರಲ್ಲಿಯೇ ಅಡಿಗಲ್ಲು ಹಾಕಿದವನು ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಷ್. ದೂರವಾಣಿ ಅವನ ಮನಸ್ಸಿನಲ್ಲಿ ಇರಲಿಲ್ಲ.

ಮಾತನ್ನು ಹೀಗೆ ಅಗಲಕ್ಕೆ ಹರಡುವ ತಂತ್ರ ಮೊದಲು ಬೆಳೆದದ್ದು ಸೇನೆಗಳಲ್ಲಿ, ಶತ್ರುವಿನ ಕಿವಿಯನ್ನು ತಪ್ಪಿಸುವುದಕ್ಕಾಗಿ. ೧೯೮೫ರಲ್ಲಿ ಸ್ಥಾಪಿತವಾದ ಕ್ವಾಲ್‌ಕಾಮ್ ಸಂಸ್ಥೆ ಅದನ್ನು ಜನಸಾಮಾನ್ಯರ ದೂರವಾಣಿಗೆ ಹೊಂದಿಸಿ, ೧೯೮೯ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಪ್ರದರ್ಶಿಸಿತು. ೧೯೯೩ರಲ್ಲಿ ಅದಕ್ಕೆ ಮಾನಕ ಸಿದ್ಧವಾಯಿತು. ೧೯೯೫ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವ್ಯಾಪಾರಕ್ಕೆ ಬಂತು. ಭಾರತದಲ್ಲಿ ಇದು ಮನೆಮಾತಾದದ್ದು ೨೦೦೨ರ ಡಿಸೆಂಬರಿನಲ್ಲಿ ರಿಲಯನ್ಸ್ ಇನ್ಫೋಕಾಂ ಸೇವೆ ಆರಂಭವಾದ ಮೇಲೆ. ತಂತಿ ಎಳೆಯುವುದು ಕಷ್ಟವಾದ ಹಳ್ಳಿಗಳಿಗೆ ಭಾರತ ಸಂಚಾರ ನಿಗಮ ಕೊಟ್ಟ ಡಬ್ಲ್ಯುಎಲ್‌ಎಲ್ ಫೋನುಗಳಲ್ಲಿಯೂ ಇದೇ ವಿಧಾನವಿತ್ತು. ಸೆಕೆಂಡಿಗೆ ೯,೬೦೦ ಅಂಕಿಗಳಾಗುವ ಮಾತನ್ನು ೧೨,೨೮,೮೦೦ ತುಣುಕುಗಳಾಗಿ, ಎಂದರೆ ೧೨೮ ಪಟ್ಟು, ಹರಡಿ ೧.೨೫ ಮೆಗಾಹರ್ಟ್ಸ್ ಅಗಲದ ಬಯಲಿನಲ್ಲಿ ಬಿಡುತ್ತಿದ್ದರು.

ಇದರಿಂದ ಹೆಚ್ಚು ಜನಕ್ಕೆ ಎಡೆಯಾದದ್ದು ಹೇಗೆ? ಮೊದಲನೆಯದಾಗಿ, ಪಕ್ಕದ ಟವರೂ ಅದೇ ಕಂಪನಾಂಕವನ್ನು ಬಳಸಬಹುದು. ಏಳನೆಯ ಒಂದು ಪಾಲಿನ ಬದಲು ಪ್ರತಿ ಟವರಿಗೂ ಇಡೀ ಬಯಲು. ಎರಡನೆಯದು ಮೌನದ ಲಾಭ. ಸಂಭಾಷಣೆಯಲ್ಲಿ ಒಬ್ಬರು ಆಡುವಾಗ ಇನ್ನೊಬ್ಬರು ಕೇಳುತ್ತಾರೆ. ಒಬ್ಬನ ಬಾಯಿ ತೆರೆದಿರುವುದು ಅರ್ಧ ಕಾಲಕ್ಕಿಂತ ಕಡಿಮೆ. ಪಟ್ಟಿಯ ಪದ್ಧತಿಯಲ್ಲಿ ಮೌನವೂ ಜಾಗ ತಿನ್ನುತ್ತದೆ. ಇಲ್ಲಿಯಾದರೋ ನೀವು ಸುಮ್ಮನಾದೊಡನೆ ಫೋನು ತನ್ನ ಶಕ್ತಿಯನ್ನು ತಗ್ಗಿಸುತ್ತದೆ. ಅಷ್ಟು ಗುಜುಗುಜು ಕಡಿಮೆಯಾಗಿ ಇನ್ನೊಬ್ಬರಿಗೆ ಎಡೆಯಾಗುತ್ತದೆ. ಮೊದಲ ದಿನಗಳ ಭರವಸೆಗಳು ಅತಿಯಾಗಿದ್ದವು, ನಿಜ. ಆದರೂ ಹಳೆಯ ಪಟ್ಟಿಯ ಪದ್ಧತಿಗಿಂತ ಹಲವು ಪಟ್ಟು ಜನರನ್ನು ಇದು ಹಿಡಿಸಿಕೊಂಡಿತು.

ಆದರೆ ಸಂತೆಯಲ್ಲಿ ಒಬ್ಬ ಕಿರುಚಿದರೆ? ಫೋನುಗಳಿಂದ ಟವರಿನತ್ತ ಹೋಗುವ ಸಂಕೇತಗಳು, ಗಂಗೆ ಗೌರಿಯರ ಲೆಕ್ಕದಂತೆ, ಪರಸ್ಪರ ಪೂರ್ತಿ ಸೊನ್ನೆಯಾಗುವುದಿಲ್ಲ. ಒಂದಿಷ್ಟು ಉಳಿಕೆ ಗದ್ದಲವಾಗಿ ನಿಲ್ಲುತ್ತದೆ. ಟವರಿನ ಬುಡದಲ್ಲಿರುವವನ ಫೋನು ದೊಡ್ಡ ದನಿ ತೆಗೆದರೆ ದೂರದವನ ಕ್ಷೀಣ ದನಿ ಮುಳುಗಿಹೋಗುತ್ತದೆ. ಆದುದರಿಂದ ಟವರು ಪ್ರತಿಯೊಂದು ಫೋನಿಗೂ ಸೆಕೆಂಡಿಗೆ ೮೦೦ ಸಲ ಅಪ್ಪಣೆ ಮಾಡುತ್ತದೆ: ಏರಿಸು, ಇಳಿಸು. ಹತ್ತಿರದವನದಾಗಲಿ ದೂರದವನದಾಗಲಿ, ಎಲ್ಲರ ದನಿಯೂ ಟವರಿನ ಕಿವಿಗೆ ಸಮನಾಗಿ ಮುಟ್ಟಬೇಕು. ಈ ಬಯಲಿನ ಬದು ಇದೊಂದೇ: ಯಾರೂ ತನಗೆ ಬೇಕಾದುದಕ್ಕಿಂತ ಗಟ್ಟಿಯಾಗಿ ಮಾತನಾಡಕೂಡದು.

ಗುಡ್ಡಕಾಡಿನ ಸೀಮೆಗೆ ಈ ವಿಧಾನದಿಂದ ಇನ್ನೊಂದು ಉಪಕಾರವೂ ಆಯಿತು. ದಿಣ್ಣೆಗೆ ತಾಗಿ ತಡವಾಗಿ ಬರುವ ಮಾರ್ದನಿ ಬೇರೆ ವಿಧಾನಗಳಿಗೆ ಕಾಟ. ಸಂಕೇತ ಬಲ್ಲ ಫೋನು ಮಾತ್ರ ಆ ಚೂರು ಮಾರ್ದನಿಗಳನ್ನು ಗುರುತಿಸಿ, ಕುಂಟೆಯಲ್ಲಿ ಬಳಿದಂತೆ ಒಟ್ಟುಗೂಡಿಸಿ ಒಂದೇ ಗಟ್ಟಿ ದನಿಯಾಗಿಸುತ್ತದೆ.

ಹಾಗೆಂದು ಎಲ್ಲವೂ ಲಾಭವಲ್ಲ. ಕರೆಗಳು ಹೆಚ್ಚಿದಂತೆ ಗದ್ದಲ ಹೆಚ್ಚುತ್ತದೆ. ಗದ್ದಲ ಹೆಚ್ಚಿದಂತೆ ಟವರಿಗೆ ದೂರದ ದನಿ ಕೇಳದಾಗುತ್ತದೆ. ಅದರ ಸೀಮೆ ಒಳಕ್ಕೆ ಕುಗ್ಗಿ, ದಟ್ಟಣೆ ಇಳಿದಾಗ ಮತ್ತೆ ಹಿಗ್ಗುತ್ತದೆ. ತಂತ್ರಜ್ಞರು ಇದನ್ನು ಉಸಿರಾಟಕ್ಕೆ ಹೋಲಿಸುತ್ತಾರೆ. ಕುಗ್ಗಿದಾಗ ಮೊದಲು ಹೊರಬೀಳುವುದು ಅಂಚಿನ ಹಳ್ಳಿ. ಸೊರಬ ತಾಲ್ಲೂಕಿನ ಕ್ಯಾಸನೂರಿನಂಥ ಕಾಡಂಚಿನ ಊರನ್ನು ಭಾವಿಸಿಕೊಳ್ಳಿ. ೧೯೫೭ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಉಣುಗುಗಳಿಂದ ಹರಡುವ ಹೊಸ ರೋಗವೊಂದು ಬೆಳಕಿಗೆ ಬಂತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಊರಿನ ಹೆಸರೇ ರೋಗದ ಹೆಸರಾಯಿತು. ಮಂಗನ ಕಾಯಿಲೆಯ ಸೀಮೆಯಲ್ಲಿ ಸತ್ತ ಮಂಗವೊಂದು ಕಂಡರೆ ಆ ಸುದ್ದಿ ಆರೋಗ್ಯ ಕೇಂದ್ರಕ್ಕೆ ಅಂದೇ ಮುಟ್ಟಬೇಕು. ಪೇಟೆಯ ಹರಟೆಯಿಂದ ಟವರಿನ ಸೀಮೆ ಕುಗ್ಗಿದ ಗಳಿಗೆಯಲ್ಲಿ ಅಂಥ ಕರೆಯೇ ಕಡಿದುಹೋದರೆ, ‘ಇಷ್ಟು ಜನರನ್ನು ಹಿಡಿಸಿದೆವು’ ಎಂಬ ಲೆಕ್ಕಕ್ಕೆ ಏನು ಬೆಲೆ? ಸಾಮರ್ಥ್ಯವೂ ವ್ಯಾಪ್ತಿಯೂ ಇಲ್ಲಿ ಒಂದೇ ಥೈಲಿಯ ಹಣ. ಪೇಟೆಗೆ ಸುರಿದಷ್ಟು ಅಂಚಿಗೆ ಕಡಿಮೆ. ಅಂಚಿಗೆ ಇನ್ನೊಂದು ಟವರು ಕೊಡುವುದು ಧರ್ಮಕಾರ್ಯವಲ್ಲ, ಹಂಚಿಕೆಯ ನ್ಯಾಯ.

ಭಾರತದಲ್ಲಿ ಸಿಡಿಎಂಎ ಹೆಸರಿನ ಖಾಸಗಿ ಸೇವೆಗಳು ೨೦೧೭ರ ಹೊತ್ತಿಗೆ ಮುಗಿದವು. ಮೂರನೆಯ ಪೀಳಿಗೆಯ ಜಾಲಗಳು ಇದೇ ತತ್ತ್ವವನ್ನು ೫ ಮೆಗಾಹರ್ಟ್ಸ್‌ಗೆ ಅಗಲಿಸಿದವು. ನಾಲ್ಕನೆಯದು ಮತ್ತೆ ಸಣ್ಣ ಪಟ್ಟಿಗಳಿಗೂ ಸರದಿಗೂ ಮರಳಿತು. ಆದರೆ ನೆರೆಯ ಟವರುಗಳೆಲ್ಲ ಒಂದೇ ಕಂಪನಾಂಕ ಬಳಸಬಹುದೆಂಬ ಪಾಠವನ್ನು ಬಿಡಲಿಲ್ಲ. ಇನ್ನು ಸಂಕೇತದ ವಿದ್ಯೆ ನಮ್ಮ ನೆತ್ತಿಯ ಮೇಲೆಯೇ ಬಾಳುತ್ತಿದೆ. ದಾರಿ ತೋರಿಸುವ ‘ನಾವಿಕ್’ ಉಪಗ್ರಹಗಳು ಒಂದೇ ಕಂಪನಾಂಕದಲ್ಲಿ, ತಮ್ಮ ತಮ್ಮ ಸಂಕೇತಗಳಲ್ಲಿ ನುಡಿಯುತ್ತವೆ. ಅವುಗಳ ಸಂಚಾರ ಕೇಂದ್ರ ೨೦೧೩ರಲ್ಲಿ ಆರಂಭವಾದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ.

ಬದುವಿಲ್ಲದ ಬಯಲಿನಲ್ಲಿ ಎಲ್ಲರಿಗೂ ಎಡೆಯುಂಟು. ಆದರೆ ಆ ಎಡೆಯ ಅಳತೆಯನ್ನು ನಿರ್ಧರಿಸುವುದು ಮಾತನಾಡುವವರ ದನಿಯ ಹದ. ಅದು ತಪ್ಪಿದರೆ ನಷ್ಟವಾಗುವುದು ಕಿರುಚಿದವನಿಗಲ್ಲ, ಎಲ್ಲರಿಗಿಂತ ದೂರದಲ್ಲಿ ನಿಂತವನಿಗೆ.