ಮುಂಬೈಯಿಂದ ಊರಿಗೆ: ಗಡಿಯ ನಿಯಮ ಬೆಳೆದ ಬಗೆ

2020ರ ಕೋವಿಡ್ ಲಾಕ್‌ಡೌನಿನಲ್ಲಿ ಮುಂಬೈಯಲ್ಲಿ ಸಿಕ್ಕಿಬಿದ್ದ ಉಡುಪಿ ಜಿಲ್ಲೆಯವರನ್ನು ಊರಿಗೆ ಬಿಟ್ಟುಕೊಳ್ಳುವ ನಿಯಮ ಒಂದೇ ಆದೇಶದಲ್ಲಿ ಹುಟ್ಟಿದ್ದಲ್ಲ. ಮಾರ್ಚ್ 25ರಿಂದ ಆಗಸ್ಟ್ 24ರವರೆಗೆ ಅದು ಹಲವು ಸಲ ಬದಲಾಯಿತು. ಪೆರ್ಡೂರು, ಹಿರಿಯಡಕ, ಹೆಬ್ರಿ, ಕಾರ್ಕಳದ ಕಡೆಯಿಂದ ಹೋಟೆಲು, ಕ್ಯಾಂಟೀನಿನ ದುಡಿಮೆಗೆ ಮುಂಬೈ ಸೇರುವುದು ತಲೆಮಾರುಗಳ ರೂಢಿ. ಹಿರಿಯರು ಊರಿನಲ್ಲಿ, ಮಕ್ಕಳು ಮೊಮ್ಮಕ್ಕಳು ಅಲ್ಲಿ. ಮೇ ರಜೆ, ಮದುವೆ, ದೈವದ ನೇಮ ಬಂದರೆ ಎಲ್ಲರೂ ಇಲ್ಲಿ. ಲಾಕ್‌ಡೌನ್ ಬಿದ್ದದ್ದು ಆ ರಜೆಗೆ ತುಸು ಮೊದಲು.

ಗಡಿಯ ತಕರಾರು ಮೊದಲು ಎದ್ದದ್ದು ಮುಂಬೈಯ ದಾರಿಯಲ್ಲಲ್ಲ, ತೆಂಕಿನಲ್ಲಿ, ಕೇರಳ ಗಡಿಯ ತಲಪಾಡಿಯ ಕಡೆ. ಕಾಸರಗೋಡಿನಿಂದ ಬರುವ ರಸ್ತೆಗಳಿಗೆ ಕರ್ನಾಟಕ ಮಣ್ಣು ಸುರಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ರೋಗಿಗಳಿಗೆ ದಾರಿಯಿಲ್ಲದಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವಿಗೆ ಆದೇಶಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ ಬಂದ ಒಪ್ಪಂದ ತುರ್ತು ಚಿಕಿತ್ಸೆಯವರಿಗಷ್ಟೇ ಅನ್ವಯಿಸಿತು. ಗಡಿಯಾಚೆ ಹೆಣ್ಣು ಕೊಟ್ಟು ತಂದ ಮನೆಗಳು ಕಾಯುತ್ತಲೇ ಉಳಿದವು.

ಏಪ್ರಿಲ್ 29ರ ಕೇಂದ್ರ ಗೃಹ ಸಚಿವಾಲಯದ ಆದೇಶ ಮೊದಲ ಬಾಗಿಲು ತೆರೆಯಿತು. ವಲಸೆ ಕಾರ್ಮಿಕರು, ಯಾತ್ರಿಕರು, ಪ್ರವಾಸಿಗರು, ವಿದ್ಯಾರ್ಥಿಗಳು ಮತ್ತು ಇತರರು ಕಳಿಸುವ, ಬರಮಾಡಿಕೊಳ್ಳುವ ಎರಡೂ ರಾಜ್ಯಗಳ ಒಪ್ಪಿಗೆಯ ಮೇಲೆ ಊರಿಗೆ ಹೋಗಬಹುದು ಎಂಬುದು ಅದರ ಸಾರ. ಅಗಲಿದ ಕುಟುಂಬಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿರಲಿಲ್ಲ. ಅಜ್ಜಿಯನ್ನು ನೋಡಲು ಹೊರಟವರು ‘ಇತರರು’ ಆದರು. ಕರ್ನಾಟಕದ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು, ಮಹಾರಾಷ್ಟ್ರ ಬಿಡಲು ಅಲ್ಲಿನ ಅನುಮತಿಯೂ ಬೇಕಿತ್ತು. ಒಂದು ಸಿಕ್ಕು ಇನ್ನೊಂದು ಸಿಗದಿದ್ದರೆ ನಿಪ್ಪಾಣಿಯ ಬಳಿಯ ಗಡಿಯಲ್ಲೇ ತಡೆ. ದಾಟಿ ಬಂದವರಿಗೂ ಮನೆ ದೂರವೇ: ಹಾಸ್ಟೆಲು, ಶಾಲೆ, ಲಾಡ್ಜುಗಳಲ್ಲಿ ಕ್ವಾರಂಟೈನ್.

ಮೇ 17ರ ಕೇಂದ್ರ ಮಾರ್ಗಸೂಚಿ ರಾಜ್ಯಗಳ ಪರಸ್ಪರ ಒಪ್ಪಿಗೆಯನ್ನು ಮತ್ತೆ ಮುಂದಿಟ್ಟಿತು. ಮರುದಿನವೇ ಕರ್ನಾಟಕದ ಯಡಿಯೂರಪ್ಪ ಸರ್ಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದವರ ಪ್ರವೇಶವನ್ನು ಮೇ 31ರವರೆಗೆ ತಡೆಯಿತು. ಭಯಕ್ಕೆ ಕಾರಣವಿದ್ದದ್ದು ಮುಂದೆ ಕಂಡಿತು. ಏಪ್ರಿಲಿನಲ್ಲಿ ಬೆರಳೆಣಿಕೆಯ ಸೋಂಕಿತರಿದ್ದ ಉಡುಪಿ ಜಿಲ್ಲೆಯಲ್ಲಿ ಜೂನ್ 2ರ ಒಂದೇ ದಿನ 150 ಪ್ರಕರಣ ದಾಖಲಾದವು. ಅಂದು ಇಡೀ ರಾಜ್ಯದ ಲೆಕ್ಕ 388. ಹೆಚ್ಚಿನವರು ಮಹಾರಾಷ್ಟ್ರದಿಂದ ಬಂದವರು. ಹಳ್ಳಿಗಳಲ್ಲಿ ‘ಬೊಂಬಾಯಿಯವರು’ ಎಂದರೆ ಜನ ದೂರ ಸರಿದರು. ಅದೇ ಬೊಂಬಾಯಿಯವರ ಬಳಿ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಚಂದಾ ಕೇಳುವಾಗ ಈ ಅಂಜಿಕೆ ಯಾರಿಗೂ ಇರಲಿಲ್ಲ.

ಜೂನ್ 1ರಿಂದ ದಾರಿ ಮತ್ತೆ ತೆರೆಯಿತು. ಸೇವಾ ಸಿಂಧು ನೋಂದಣಿ ಉಳಿಯಿತು. ಮಹಾರಾಷ್ಟ್ರದಿಂದ ಬಂದವರಿಗೆ 7 ದಿನ ಸರ್ಕಾರ ಗೊತ್ತುಮಾಡಿದ ಜಾಗದಲ್ಲಿ, 7 ದಿನ ಮನೆಯಲ್ಲಿ ಕ್ವಾರಂಟೈನ್. ಅಂತರರಾಜ್ಯ ಸಂಚಾರಕ್ಕೆ ಅಡ್ಡಿ ಮಾಡಬಾರದೆಂದು ಕೇಂದ್ರ ಆಗಸ್ಟ್ 22ರಂದು ರಾಜ್ಯಗಳಿಗೆ ಬರೆಯಿತು. ಆಗಸ್ಟ್ 24ರಂದು ಕರ್ನಾಟಕ ನೋಂದಣಿ, ಗಡಿ ತಪಾಸಣೆ, ಕ್ವಾರಂಟೈನ್ ಮೂರನ್ನೂ ಕೈಬಿಟ್ಟಿತು. ಆ ಸಡಿಲಿಕೆ ಅರ್ಧ ವರ್ಷ ಬಾಳಿತು. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರ, ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು.