ಹಡಗಿನ ಬಿಲ್ಲಿನಲ್ಲೊಂದು ‘ಹಮಾಲಿ’

ಸೋಲಾಪುರದಲ್ಲಿ ಅಡತಿ ಅಂಗಡಿ ಇಟ್ಟಿರುವ ನಮ್ಮ ಸೋದರಮಾವನವರು ದೀಪಾವಳಿ ರಜೆಯಲ್ಲಿ ಮನೆಮಂದಿ ಐವರೂ ಕೂಡಿ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಹಡಗಿನ ಪ್ರವಾಸ ಮಾಡಿ ಬಂದರು. ಟಿಕೆಟ್ಟಿನ ಹಣವನ್ನು ಮೊದಲೇ ಪೂರ್ತಿ ಕಟ್ಟಿದ್ದರು. ಇರುವುದು, ಉಣ್ಣುವುದು, ಸಂಜೆಯ ಆಟ–ನಾಟಕ ಎಲ್ಲವೂ ಅದರಲ್ಲೇ. ಆದರೆ ಇಳಿಯುವ ದಿನ ಬೆಳಗ್ಗೆ ಕೈಗೆ ಬಂದ ಬಿಲ್ಲಿನಲ್ಲಿ ಒಂದು ಸಾಲು ಕಂಡು ಅವರ ಹುಬ್ಬು ಮೇಲೇರಿತು: ಗ್ರಾಚ್ಯುಯಿಟಿ, 360 ಡಾಲರ್.

“ಗ್ರಾಚ್ಯುಯಿಟಿ ಅಂದ್ರ ನೌಕರಿ ಬಿಟ್ಟು ಹೋಗಾವಗ ಕೊಡೂದು. ಇಲ್ಲಿ ಯಾರು ರಿಟಾಯರ್ ಆದ್ರು?” ಎಂದು ಮಾವನವರು ಕೌಂಟರಿಗೆ ಹೊರಟೇಬಿಟ್ಟರು.

ನಮ್ಮಲ್ಲಿ ಆ ಮಾತಿಗೆ ಅದೇ ಅರ್ಥ. ಹಡಗಿನವರ ಭಾಷೆಯಲ್ಲಿ ಮಾತ್ರ ಅದು ಟಿಪ್ಸ್, ಅಂದರೆ ಭಕ್ಷೀಸು. ಒಬ್ಬರಿಗೆ ದಿನಕ್ಕೆ 18 ಡಾಲರಿನಂತೆ ಐವರಿಗೆ ನಾಲ್ಕು ದಿನಕ್ಕೆ 360. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 30,600 ರೂಪಾಯಿ. ಯಾರೂ ಕೇಳದೆ, ಯಾರೂ ಕೈಯೆತ್ತಿ ಕೊಡದೆ, ತಾನಾಗಿಯೇ ಖಾತೆಗೆ ಏರಿದ ಭಕ್ಷೀಸು!

ಈಚೆಗೆ ನಮ್ಮ ವ್ಯಾಪಾರಸ್ಥ ಕುಟುಂಬಗಳಲ್ಲಿ ಹಡಗಿನ ಪ್ರವಾಸದ ಹವ್ಯಾಸ ಬೆಳೆಯುತ್ತಿದೆ. ಆದ್ದರಿಂದ ಈ ಸಾಲಿನ ಹಿಂದಿನ ಸಂಗತಿಯನ್ನು ವಾಚಕರು ಅರಿತಿರುವುದು ಒಳ್ಳೆಯದು.

ಲಕೋಟೆ ಹೋಗಿ ಲೆಕ್ಕ ಬಂತು

ಹಿಂದೆ ಹಡಗುಗಳಲ್ಲಿ ಬೇರೆ ಪದ್ಧತಿ ಇತ್ತು. ಪ್ರವಾಸದುದ್ದಕ್ಕೂ ಒಂದೇ ಮೇಜು, ಬಡಿಸಲು ಅದೇ ವೇಟರ್, ಕೋಣೆ ಗುಡಿಸಿ ಹಾಸಿಗೆ ಹಾಸಲು ಅದೇ ಸ್ಟೀವರ್ಡ್. ಕೊನೆಯ ರಾತ್ರಿ ಪ್ರಯಾಣಿಕರು ಒಬ್ಬೊಬ್ಬರಿಗೂ ಲಕೋಟೆಯಲ್ಲಿ ಹಣವಿಟ್ಟು ಕೈಗೆ ಕೊಡುತ್ತಿದ್ದರು. 2000ದಲ್ಲಿ ನಾರ್ವೇಜಿಯನ್ ಕಂಪನಿಯು ಬೇಕಾದಾಗ, ಬೇಕಾದ ಭೋಜನಶಾಲೆಯಲ್ಲಿ ಊಟ ಮಾಡುವ ಪದ್ಧತಿ ತಂದಿತು. ದಿನಕ್ಕೊಬ್ಬ ಬಡಿಸುವವನಾದ ಮೇಲೆ ಲಕೋಟೆ ಯಾರಿಗೆ ಕೊಡಬೇಕು? ಇಂಥ ಬದಲಾವಣೆಗಳೊಂದಿಗೆ ದಿನಕ್ಕಿಷ್ಟು ಎಂದು ಎಲ್ಲರ ಖಾತೆಗೂ ಬರೆದು, ಒಟ್ಟಾದ ಹಣವನ್ನು ನೌಕರರಿಗೆ ಹಂಚುವ ರೂಢಿ ಹರಡಿತು.

ರಾಯಲ್ ಕೆರಿಬಿಯನ್ ಕಂಪನಿ 2013ರ ಮಾರ್ಚಿನಲ್ಲಿ ಈ ಪದ್ಧತಿ ತಂದಾಗ ಸಾಧಾರಣ ಕೋಣೆಗೆ ತಲೆಗೆ ದಿನಕ್ಕೆ 12 ಡಾಲರ್ ಇತ್ತು. 2023ರ ನವೆಂಬರಿನಲ್ಲಿ ಅದು 18 ಆಯಿತು. ಹತ್ತು ವರ್ಷದಲ್ಲಿ ಒಂದೂವರೆ ಪಟ್ಟು! 2023ರಲ್ಲಿಯೇ ನಾರ್ವೇಜಿಯನ್ ಜನವರಿಯಿಂದ 20 ಡಾಲರ್, ಕಾರ್ನಿವಲ್ ಏಪ್ರಿಲಿನಿಂದ 16 ಡಾಲರ್ ಮಾಡಿದವು. ದೊಡ್ಡ ಕೋಣೆಗಳಿಗೆ ಇನ್ನೂ ಹೆಚ್ಚು. ಹೆಸರುಗಳು ಮಾತ್ರ ಬೇರೆ ಬೇರೆ: ಒಬ್ಬರಲ್ಲಿ ಗ್ರಾಚ್ಯುಯಿಟಿ, ಇನ್ನೊಬ್ಬರಲ್ಲಿ ಸರ್ವಿಸ್ ಚಾರ್ಜ್, ಮತ್ತೊಬ್ಬರಲ್ಲಿ ‘ಕ್ರೂ ಅಪ್ರಿಸಿಯೇಷನ್’.

ಯಾರ ಹೊಟ್ಟೆಯ ಹಣ?

ಈ ಹಡಗು ಕಂಪನಿಗಳಲ್ಲಿ ದೊಡ್ಡವುಗಳ ಕಚೇರಿಗಳು ಅಮೆರಿಕದ ಮಯಾಮಿಯಲ್ಲಿವೆ. ಹಡಗುಗಳ ಮೇಲೆ ಹಾರುವ ಬಾವುಟ ಮಾತ್ರ ಬಹಾಮಾಸ್ ಅಥವಾ ಪನಾಮದ್ದು. ಹಡಗಿಗೆ ಅದರ ಬಾವುಟದ ದೇಶದ ಕಾಯಿದೆ. ಹೀಗಾಗಿ ಅಮೆರಿಕದ ಕನಿಷ್ಠ ವೇತನ ಅಲ್ಲಿನ ನೌಕರನಿಗೆ ದಕ್ಕುವುದಿಲ್ಲ. 2013ರ ಆಗಸ್ಟ್ 20ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದ ಅವರಿಗೆ ದಿನದಲ್ಲಿ 10 ತಾಸು, ವಾರದಲ್ಲಿ 77 ತಾಸು ವಿಶ್ರಾಂತಿಯ ಹಕ್ಕು ಕೊಟ್ಟಿದೆ. ಭಾರತವೂ 2015ರಲ್ಲಿ ಅದಕ್ಕೆ ಒಪ್ಪಿಗೆ ಮುದ್ರೆ ಒತ್ತಿತು. ಆದರೂ ತಿಂಗಳುಗಟ್ಟಲೆ ಮನೆ ಬಿಟ್ಟು, ವಾರದ ಏಳೂ ದಿನ ದುಡಿಯುವ ಬಾಳು ಅದು. ಸ್ಟೀವರ್ಡರ, ವೇಟರರ ಗಳಿಕೆಯಲ್ಲಿ ದೊಡ್ಡ ಪಾಲು ಈ ಟಿಪ್ಸಿನದೇ. ನಮ್ಮ ಕಣ್ಣಿಗೆ ಬೀಳದ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆಯವರಿಗೂ ಅನೇಕ ಹಡಗುಗಳಲ್ಲಿ ಪಾಲುಂಟು. ಇವರಲ್ಲಿ ಹೊರನಾಡಿನವರೇ ಹೆಚ್ಚು. ಗೋವೆ, ಮಂಗಳೂರು ಕಡೆಯ ಎಷ್ಟೋ ಮನೆಗಳ ಒಲೆ ಈ ದುಡಿಮೆಯಿಂದಲೇ ಉರಿಯುತ್ತಿದೆ.

ಇಲ್ಲಿ ಕಂಪನಿಗಳನ್ನು ಹೊಗಳಲು ಬಾರದು. ಟಿಕೆಟ್ಟಿನ ದರ ಕಡಿಮೆ ತೋರಿಸಿ, ಕೊಡಬೇಕಾದ ಸಂಬಳದ ಭಾರವನ್ನು ಗಿರಾಕಿಯ ತಲೆಗೆ ಕಟ್ಟುವುದು ನೇರ ವ್ಯಾಪಾರವಲ್ಲ. ಬೇರೆ ದಾರಿ ಇಲ್ಲವೆಂದೂ ಅಲ್ಲ. ಇಂಗ್ಲೆಂಡಿನ ಪಿ ಅಂಡ್ ಓ ಕ್ರೂಸಸ್ 2019ರ ಮೇ ತಿಂಗಳಿನಿಂದ ಈ ದಿನದ ಟಿಪ್ಸನ್ನು ತೆಗೆದುಹಾಕಿತು. ಸೇವೆಯ ಖರ್ಚು ಟಿಕೆಟ್ಟಿನಲ್ಲೇ ಸೇರಿತು. ನಮ್ಮ ದೇಶದಲ್ಲಿಯೂ ಹೋಟೆಲಿನವರು ಕೇಳದೆಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಹಚ್ಚಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಸೂಚನೆ ಹೊರಡಿಸಿತು. ದಿಲ್ಲಿ ಹೈಕೋರ್ಟು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಖುಷಿಯಿಂದ ಕೊಟ್ಟರೆ ಭಕ್ಷೀಸು, ಕಡ್ಡಾಯವಾಗಿ ಕಿತ್ತುಕೊಂಡರೆ ಅದು ದರವೇ ಎಂಬುದು ಸರಿಯಾದ ಮಾತು.

ಆದರೆ ಕಂಪನಿಯ ಮೇಲಿನ ಸಿಟ್ಟನ್ನು ಕೌಂಟರಿನಲ್ಲಿ ತೀರಿಸಿಕೊಂಡರೆ ಅದು ತಟ್ಟುವುದು ಯಾರಿಗೆ? ಅನೇಕ ಹಡಗುಗಳಲ್ಲಿ ಇಳಿಯುವ ಮುನ್ನ ಕೇಳಿದರೆ ಈ ಮೊತ್ತ ಕಡಿಮೆ ಮಾಡುತ್ತಾರೆ, ತೆಗೆದೂ ಹಾಕುತ್ತಾರೆ. ಆಗ ಟಿಕೆಟ್ಟಿನ ಹಣದಲ್ಲಿ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಹಂಚುವ ಗಂಟು ಮಾತ್ರ.

ಹೊರಡುವ ಮುನ್ನ

ಹಡಗಿನ ಪ್ರವಾಸಕ್ಕೆ ಹೊರಡುವವರು ನೆನಪಿಡಬೇಕಾದವು ಇಷ್ಟು. ಟಿಕೆಟ್ ತೆಗೆಸುವಾಗಲೇ ಏಜೆಂಟರನ್ನು ಸ್ಪಷ್ಟವಾಗಿ ಕೇಳಿ: ಟಿಪ್ಸ್ ದರದಲ್ಲಿ ಸೇರಿದೆಯೇ, ಇಲ್ಲವೇ? ಇಲ್ಲದಿದ್ದರೆ ತಲೆ ಎಣಿಸಿ, ದಿನ ಎಣಿಸಿ, ಗುಣಿಸಿ, ಪ್ರವಾಸದ ಖರ್ಚಿನಲ್ಲೇ ಬರೆದಿಡಿ. ಮೊದಲೇ ಕಟ್ಟುವ ಅನುಕೂಲವೂ ಸಾಮಾನ್ಯವಾಗಿ ಇರುತ್ತದೆ. ಮಕ್ಕಳಿಗೆ ಅರ್ಧ ಎಂದು ತಿಳಿಯಬೇಡಿ. ಉದಾಹರಣೆಗೆ ಕಾರ್ನಿವಲ್ಲಿನಲ್ಲಿ 2 ವರ್ಷದೊಳಗಿನ ಕೂಸಿಗಷ್ಟೇ ವಿನಾಯಿತಿ. ಉಳಿದ ಮಕ್ಕಳಿಗೆ ದೊಡ್ಡವರಷ್ಟೇ.

ಟಿಕೆಟ್ಟಿನಲ್ಲಿ ಸೇರದ ಬಾಟಲಿ ನೀರು, ಹಣ್ಣಿನ ರಸ, ಕಾಫಿ ಕೊಂಡರೆ ಅದರ ಮೇಲೆಯೂ 18ರಿಂದ 20 ಶೇಕಡಾ ಸೇರುವುದುಂಟು. ಆ ಚೀಟಿಯ ಕೆಳಗೆ ‘ಹೆಚ್ಚಿನ ಟಿಪ್ಸ್’ ಎಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಮೇಲೆ ಹಚ್ಚಿದ್ದನ್ನು ನೋಡದೆ ಅಲ್ಲಿ ಮತ್ತೆ ಬರೆದರೆ ಎರಡು ಸಲ ಕೊಟ್ಟಂತೆ.

ಇನ್ನು ನಮ್ಮ ಊಟದ ಮಾತು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆ ಇಲ್ಲದ ಅಡುಗೆ, ಅದೂ ಹೊತ್ತು ಮುಳುಗುವ ಮುನ್ನ ಎಂಬುದನ್ನು ಬುಕಿಂಗ್ ವೇಳೆಯಲ್ಲೇ ಬರೆದು ತಿಳಿಸಿ, ಹತ್ತಿದ ದಿನವೇ ಹೆಡ್ ವೇಟರನ್ನು ಕಂಡು ಮಾತಾಡಿ. ನಮ್ಮ ನೇಮಕ್ಕಾಗಿ ಬೇರೆ ಪಾತ್ರೆ, ಬೇರೆ ವೇಳೆ ನೋಡಿಕೊಂಡು ನಡೆದ ಕೈಗಳಿಗೆ ಕೊನೆಯ ದಿನ ಪ್ರತ್ಯೇಕವಾಗಿ ನಾಲ್ಕು ಡಾಲರ್ ಕೊಟ್ಟರೆ ಅದು ನಿಜವಾದ ಭಕ್ಷೀಸು. ಅದಕ್ಕಾಗಿ ಚಿಲ್ಲರೆ ನೋಟು ಇಟ್ಟುಕೊಳ್ಳಿ. ಸೇವೆ ಕೆಟ್ಟಿದ್ದರೆ ಆ ದಿನವೇ ದೂರು ಹೇಳಿ. ಕೊನೆಯ ಬೆಳಗ್ಗೆ ಹಣ ಕೀಳಬೇಡಿ.

ಮಾವನವರ ಕಥೆ ಏನಾಯಿತು? ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಾಗ ಅತ್ತೆಯವರು ಮೆಲ್ಲಗೆ ಅಂದರಂತೆ: “ಅಲ್ರೀ, ನೀವೂ ಅಡತಿ ಬಿಲ್ಲಿನಾಗ ಹಮಾಲಿ ಹಚ್ಚತೀರಿ. ಯಾರರೆ ಗಿರಾಕಿ ಬಂದು ಅದನ್ನಷ್ಟ ಹೊಡದಹಾಕ್ರಿ ಅಂದ್ರ, ಹೊಡತ ನಿಮಗ ಬೀಳತದೋ, ಹಮಾಲ ಮಲ್ಲಪ್ಪಗೋ?”

ಮಾವನವರು ಮಾತಾಡದೆ ಸಾಲಿನಿಂದ ಹೊರಗೆ ಬಂದರು. 360 ಡಾಲರ್ ಹಾಗೆಯೇ ಉಳಿಯಿತು.

ಊರಿಗೆ ಬಂದ ಮರುದಿನ ಅವರು ದಿವಾಣಜಿಯವರಿಂದ ಹಮಾಲಿ ಖಾತೆ ತೆಗೆಸಿ ನೋಡಿದರು. ತಾವು ಊರಲ್ಲಿಲ್ಲದ ಎರಡು ವಾರ ಗಿರಾಕಿಗಳಿಂದ ಹಮಾಲಿ ಜಮಾ ಆಗಿತ್ತು, ಹಮಾಲರಿಗೆ ಸಂದಾಯವಾಗಿರಲಿಲ್ಲ. ಅಂದೇ ಸಂಜೆ ದೀಪ ಹಚ್ಚುವ ಮುನ್ನ ಚುಕ್ತಾ ಮಾಡಿಸಿದರು.