ಕೆಂಪು ಮರಳಿ ಬಂದ ಬೆಳಗು

ಬೆಳಿಗ್ಗೆ ಎಂಟೂವರೆ. ಟೌನ್‌ಹಾಲಿಗೂ ಮಿನರ್ವ ವೃತ್ತಕ್ಕೂ ನಡುವಿನ ಜೆ.ಸಿ. ರಸ್ತೆಯಲ್ಲಿ ಷಟರ್‌ಗಳು ಒಂದೊಂದಾಗಿ ಮೇಲೇಳುತ್ತಿವೆ. ಸೀಟ್ ಕವರಿನ ಅಂಗಡಿ, ಹಾರ್ನಿನ ಅಂಗಡಿ, ಬೇರಿಂಗ್, ಬ್ರೇಕ್ ಶೂ, ಸೈಲೆನ್ಸರ್. ಬಾಗಿಲಲ್ಲಿ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ, ಬೆಂಗಳೂರಿನ ಈ ಬಿಡಿಭಾಗಗಳ ಪೇಟೆ ದಿನ ಶುರುಮಾಡುತ್ತಿದೆ. ಪಕ್ಕದ ಗಲ್ಲಿಗೆ ತಿರುಗಿದರೆ ತಗಡಿನ ಮಾಡಿನ ಒಂದು ಶೆಡ್ಡು. ಅದರ ನೆರಳಿನಲ್ಲಿ ಮಾರುತಿ 800 ಒಂದು ನಿಂತಿದೆ. ಆರ್.ಸಿ.ಯಲ್ಲಿ ಅದರ ಬಣ್ಣ ಕೆಂಪು ಎಂದಿದೆ. ಕಣ್ಣಿಗೆ ಕಾಣುವುದು ಬಿಸಿಲಿಗೆ ಒಣಹಾಕಿ ಮರೆತುಬಿಟ್ಟ ಸೀರೆಯ ಮಾಸಲು ಗುಲಾಬಿ.

2009ರ ಗಾಡಿ. ಬೆಂಗಳೂರೂ ಸೇರಿ ದೊಡ್ಡ ನಗರಗಳಲ್ಲಿ ಮಾರುತಿ 800ರ ಮಾರಾಟ ನಿಂತದ್ದು 2010ರಲ್ಲಿ. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಹಾಗಾಗಿ ಈ ಊರು ಕೊಂಡ ಕೊನೆಕೊನೆಯ 800ಗಳಲ್ಲಿ ಇದೂ ಒಂದು. ಹದಿನೈದು ವರ್ಷ ತುಂಬಿದೆ, ಆರ್.ಸಿ. ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ತಂದವರು ನಿವೃತ್ತ ಅಂಚೆ ನೌಕರರು. "ಪೂರ್ತಿ ಪೇಂಟ್ ಹೊಡೆಸಿಬಿಡಿ ಅಂತಾರೆ ಎಲ್ಲರೂ. ಏನು ಮಾಡ್ಲಪ್ಪ?" ಎಂದು ಕೇಳುತ್ತಾರೆ. ಶೆಡ್ಡಿನ ಮೇಸ್ತ್ರಿ ಉತ್ತರ ಕೊಡುವ ಮೊದಲು ಬಾನೆಟ್ಟಿನ ಮೇಲೆ ಹೆಬ್ಬೆರಳು ಒತ್ತಿ ಎಳೆಯುತ್ತಾರೆ. ಬೆರಳಿಗೆ ತಿಳಿಗುಲಾಬಿ ಪುಡಿ ಹತ್ತುತ್ತದೆ. ಎಳೆದ ಜಾಗದಲ್ಲಿ ಬಣ್ಣ ಒಂದಿಷ್ಟು ಗಾಢವಾಗಿದೆ.

"ಪೇಂಟ್ ಬೇಡ ಸಾರ್. ಮೇಲಿಂದು ಸತ್ತಿದೆ, ಒಳಗಿಂದು ಹಂಗೇ ಇದೆ. ರಬ್ಬಿಂಗ್ ಹೊಡೆದು ವ್ಯಾಕ್ಸ್ ಕೊಡೋಣ. ಮಧ್ಯಾಹ್ನ ಊಟದ ಹೊತ್ತಿಗೆ ತಗೊಂಡೋಗಿ."

ಅಲ್ಲಿಂದ ಮುಂದೆ ಅವರು ಗಾಡಿಯನ್ನು ಸುತ್ತಿ ಬರುವ ರೀತಿ ನೋಡಬೇಕು. ಒಂದೊಂದು ಕಲೆಯ ಹಿಂದಿನ ಕಥೆ ಅವರಿಗೆ ಗೊತ್ತು. ಬಾನೆಟ್ಟು, ಮಾಡು, ಡಿಕ್ಕಿಯ ಮೇಲ್ಭಾಗ ಹೆಚ್ಚು ಮಂಕಾಗಿವೆ. ಬಾಗಿಲುಗಳ ಕೆಳಭಾಗದಲ್ಲಿ ಕೆಂಪು ಇನ್ನೂ ಉಳಿದಿದೆ. ಆಕಾಶಕ್ಕೆ ಮುಖಮಾಡಿದ ಕಡೆಯೆಲ್ಲ ನೇರಳಾತೀತ ಕಿರಣ ಬಣ್ಣದ ರಾಳವನ್ನು ಒಡೆದಿದೆ, ಗಾಳಿಯ ಆಮ್ಲಜನಕ ಜೊತೆ ಸೇರಿದೆ. ಕೆಂಪು ವರ್ಣದ್ರವ್ಯಗಳು ಬೆಳಕಿನ ಹೆಚ್ಚು ಶಕ್ತಿಯ ಭಾಗವನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಬೇಗ ಸೋಲುತ್ತವೆ. ಮಾಡಿನ ಮೇಲಿರುವ ಜಿಗುಟು ಚುಕ್ಕೆಗಳು ಮನೆ ಮುಂದಿನ ಮರದವು. ಎಲೆಗಳ ಮೇಲೆ ಕೂತ ಸಣ್ಣ ಕೀಟಗಳು ಸುರಿಸಿದ ಸಿಹಿಅಂಟು, ಅದರ ಮೇಲೆ ಕೂತ ಧೂಳು. ಪಕ್ಕದಲ್ಲೇ ಹಕ್ಕಿ ಹಿಕ್ಕೆಯ ಅಚ್ಚು. ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲಿಗೆ ಬಣ್ಣ ಮೆದುವಾಗಿ ಹಿಗ್ಗುತ್ತದೆ, ಸಂಜೆ ತಣಿದಾಗ ಕುಗ್ಗುತ್ತದೆ, ಒಣಗಿದ ಹಿಕ್ಕೆ ಆ ಆಟದಲ್ಲಿ ತನ್ನ ಆಕಾರವನ್ನು ಬಣ್ಣದಲ್ಲೇ ಕೊರೆದುಬಿಡುತ್ತದೆ. ಹಿಂಬದಿಯಲ್ಲಿ ಬಿಳಿ ಉಂಗುರಗಳು: ಬೋರ್‌ವೆಲ್ ನೀರಲ್ಲಿ ತೊಳೆದು ಒರೆಸದೆ ಬಿಟ್ಟ ಗುರುತು. ನೀರು ಆರಿತು, ಅದರೊಳಗಿನ ಸುಣ್ಣ ಉಳಿಯಿತು. ಬಾಗಿಲುಗಳ ಮೇಲೆ ಜೇಡರ ಬಲೆಯಂತೆ ಸುತ್ತುವ ಸಣ್ಣ ಗೀರುಗಳು ಮಾತ್ರ ಮನುಷ್ಯನ ಕೈಯವು. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಧೂಳು ಒರೆಸಿದ್ದರ ಫಲ.

ಸಹಾಯಕ ಎರಡು ಬಕೆಟ್ ತಂದಿಟ್ಟ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆ ಪ್ರತಿ ಸಲ ಬರೀ ನೀರಿನಲ್ಲಿ ಜಾಲಾಡಿಸಿಕೊಂಡೇ ಶಾಂಪೂವಿಗೆ ಹೋಗುತ್ತದೆ. ಮರಳು ಮತ್ತೆ ಬಣ್ಣದ ಮೇಲೆ ಬರಬಾರದು. ಮಾಡಿನಿಂದ ಶುರುಮಾಡಿ ಚಕ್ರದವರೆಗೆ ಇಳಿದು, ಮೈಕ್ರೋಫೈಬರ್ ಟವಲಿನಲ್ಲಿ ಒಂದು ಹನಿಯೂ ಉಳಿಯದಂತೆ ಒತ್ತಿ ಒಣಗಿಸಿದ. ಸುಣ್ಣದ ಉಂಗುರಗಳಿಗೆ ನೀರು ಬೆರೆಸಿದ ವಿನೆಗರ್ ಸವರಿ, ಕೂಡಲೇ ತೊಳೆದ.

ಈಗ ಮೇಸ್ತ್ರಿ ಒಂದು ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ ಬಾನೆಟ್ಟಿನ ಮೇಲೆ ಆಡಿಸಿದರು. ಬರಿಗೈಗೆ ನುಣುಪು ಎನ್ನಿಸಿದ ಜಾಗ ಕವರಿನೊಳಗಿನ ಬೆರಳಿಗೆ ಉಪ್ಪುಕಾಗದದಂತೆ ತರಕಲು. ಬ್ರೇಕ್ ಸವೆದು ಹಾರಿದ ಕಬ್ಬಿಣದ ಪುಡಿ, ಟಾರಿನ ಚುಕ್ಕೆ, ಕಾರ್ಖಾನೆಯ ಹೊಗೆಯ ಕಣ, ಇವೆಲ್ಲ ಬಣ್ಣದಲ್ಲಿ ನೆಟ್ಟುಕೊಂಡಿವೆ, ತೊಳೆದರೆ ಹೋಗುವುದಿಲ್ಲ. ಅದಕ್ಕೆ ಕ್ಲೇ ಬೇಕು. ಚಪಾತಿ ಹಿಟ್ಟಿನ ಉಂಡೆಯಷ್ಟು ದೊಡ್ಡ ಆ ಅಂಟುಮಣ್ಣನ್ನು ಚಪ್ಪಟೆ ಮಾಡಿ, ಶಾಂಪೂ ನೀರು ಚಿಮುಕಿಸಿದ ಮೈಮೇಲೆ ಒತ್ತದೆ ಜಾರಿಸುತ್ತಾರೆ. ಮೊದಲು ಕರಕರ ಸದ್ದು, ಆಮೇಲೆ ಸದ್ದಿಲ್ಲ. ಮಗುಚಿ ನೋಡಿದರೆ ಕ್ಲೇಯ ಮೈ ಕಪ್ಪು ಚುಕ್ಕೆಗಳಿಂದ ತುಂಬಿದೆ.

ಇಷ್ಟೂ ಪೂರ್ವತಯಾರಿ. ನಿಜವಾದ ಎರಡು ಹೆಜ್ಜೆಗಳ ಕೆಲಸ ಇನ್ನು ಮೇಲೆ.

ಬಂಪರಿನ ಕಪ್ಪು ಪ್ಲಾಸ್ಟಿಕ್, ಕಿಟಕಿಯ ರಬ್ಬರ್ ಬೀಡಿಂಗ್, ಬಾಗಿಲಿನ ಹಿಡಿಗಳಿಗೆ ಸಹಾಯಕ ಮಾಸ್ಕಿಂಗ್ ಟೇಪ್ ಅಂಟಿಸಿದ. ರಬ್ಬಿಂಗ್‌ಗೆ ಬಳಸುವ ಕಾಂಪೌಂಡ್ ಅಲ್ಲಿ ಹತ್ತಿದರೆ ಬಿಳಿ ಕಲೆ ಹೋಗುವುದು ಕಷ್ಟ. ಬಾನೆಟ್ಟಿನ ಅಂಚು, ಮಡಿಕೆಯ ಗೆರೆಗಳ ಮೇಲೂ ಟೇಪ್ ಬಿತ್ತು. ಅಂಚುಗಳಲ್ಲಿ ಬಣ್ಣ ಸಹಜವಾಗಿಯೇ ತೆಳು, ಮಷೀನಿನ ಪ್ಯಾಡು ಒಂದು ಕ್ಷಣ ಹೆಚ್ಚು ನಿಂತರೆ ಪ್ರೈಮರ್ ಕಾಣಿಸುತ್ತದೆ. ಮೇಸ್ತ್ರಿ ಮೊದಲು ಮೂಲೆಯೊಂದರಲ್ಲಿ ಮೆತ್ತನೆಯ ಪ್ಯಾಡು, ಸೌಮ್ಯ ಪಾಲಿಶ್ ಹಿಡಿದು ಅಂಗೈಯಗಲ ಪರೀಕ್ಷೆ ಮಾಡಿದರು. ಸಾಲಲಿಲ್ಲ. ಆಮೇಲೆಯೇ ಕಾಂಪೌಂಡಿನ ಡಬ್ಬಿ ತೆರೆದದ್ದು. ಹಗುರದಿಂದ ಶುರು, ಬೇಕಾದರಷ್ಟೇ ಖಾರ: ಅವರು ಕಲಿತ ಕ್ರಮ ಅದು.

ಬಟಾಣಿ ಕಾಳಿನಷ್ಟು ದೊಡ್ಡ ನಾಲ್ಕು ಹನಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಜಾಗ. ಮಷೀನು ಚಾಲೂ ಮಾಡುವ ಮೊದಲೇ ಪ್ಯಾಡಿನಿಂದ ಹರಡಿದರು, ಇಲ್ಲದಿದ್ದರೆ ಗೋಡೆಗೆಲ್ಲ ಚಿಮ್ಮುತ್ತದೆ. ಗುಂಯ್ ಎನ್ನುವ ಸದ್ದು ತಗಡಿನ ಮಾಡಿಗೆ ತಾಗಿ ಮರಳುತ್ತಿದೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಪ್ರತಿ ಪಟ್ಟಿ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಕೈ ನಿಧಾನವಾಗಿ ಸಾಗುತ್ತದೆ. ನಡುನಡುವೆ ಅಂಗೈ ಹಿಂಭಾಗ ಇಟ್ಟು ಕಾವು ನೋಡುತ್ತಾರೆ. ಬೆಚ್ಚಗಿರಬಹುದು, ಸುಡಬಾರದು. ಕಾಂಪೌಂಡಿನಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಅಲ್ಯೂಮಿನಿಯಂ ಆಕ್ಸೈಡ್‌ನಂಥ ಗಟ್ಟಿ ಕಣಗಳು. ಅವು ಪುಡಿಯಾದ ಮೇಲ್ಪದರವನ್ನು ಕೆರೆದು, ಗೀರುಗಳ ಏಣನ್ನು ಸವೆಸಿ, ಬೆಳಕು ಚದುರದೆ ಒಂದೇ ದಿಕ್ಕಿಗೆ ಮರಳುವ ಸಮತಟ್ಟು ಮೈಯನ್ನು ಹೊರಗೆ ತರುತ್ತವೆ. ಹೊಳಪು ಎನ್ನುವುದು ಅಷ್ಟೇ. ಮೇಲಿಂದ ಹಚ್ಚಿದ್ದು ಏನೂ ಇಲ್ಲ, ತೆಗೆದದ್ದು ಮಾತ್ರ.

ಪ್ಯಾಡು ಎತ್ತಿ ತೋರಿಸಿದರು. ಬಿಳಿ ಪ್ಯಾಡು ಪೂರ್ತಿ ಕೆಂಪು. "ಇದರಲ್ಲಿ ಕ್ಲಿಯರ್ ಇಲ್ಲ ಸಾರ್, ಅದಕ್ಕೇ ಬಣ್ಣ ಬರ್ತಿದೆ." ಇವತ್ತಿನ ಬಹುತೇಕ ಗಾಡಿಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ, ಅವುಗಳನ್ನು ಉಜ್ಜಿದರೆ ಬಟ್ಟೆಗೆ ಬಣ್ಣ ಹತ್ತುವುದಿಲ್ಲ. ಕಾರ್ಖಾನೆಯ ಪದರಗಳೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಪ್ರತಿ ರಬ್ಬಿಂಗ್ ಈ ಗಂಟಿನಿಂದಲೇ ಖರ್ಚು. ಆ ಕೆಂಪು ಪ್ಯಾಡು ಕಂಡಾಗ ಖುಷಿಯ ಜೊತೆಗೆ ಎಚ್ಚರವೂ ಹುಟ್ಟಬೇಕು.

ಹತ್ತೂವರೆಗೆ ಬಾನೆಟ್ಟಿನ ಅರ್ಧ ಮುಗಿಯಿತು. ನಡುವೆ ಅಂಟಿಸಿದ್ದ ಟೇಪ್ ಕಿತ್ತಾಗ ಗೆರೆಯ ಒಂದು ಕಡೆ ಸುಣ್ಣ ಬಳಿದಂಥ ಗುಲಾಬಿ, ಇನ್ನೊಂದು ಕಡೆ ಹಸಿಯಾಗಿ ಹೊಳೆಯುವ ಕೆಂಪು, ಅದರಲ್ಲಿ ಮಾಡಿನ ಟ್ಯೂಬ್‌ಲೈಟ್ ನೆಟ್ಟಗೆ ಕಾಣುತ್ತಿದೆ. ಯಜಮಾನರು ಕುರ್ಚಿಯಿಂದ ಎದ್ದು ಬಂದರು. "ಶೋರೂಮಿಂದ ತಂದಾಗ ಹಿಂಗೇ ಇತ್ತು ಕಣಪ್ಪ" ಎಂದು ಬಾಗಿ ನೋಡಿದರು.

ಎರಡನೆಯ ಹೆಜ್ಜೆಗೆ ಮಷೀನು ಬದಿಗೆ ಸರಿಯಿತು. ಚಪ್ಪಟೆ ಡಬ್ಬಿಯಲ್ಲಿ ನಸುಹಳದಿ ವ್ಯಾಕ್ಸ್. ಅದರೊಳಗಿನ ಮುಖ್ಯ ಸಾಮಗ್ರಿ ಕಾರ್ನೌಬಾ, ಬ್ರೆಜಿಲ್ಲಿನ ಈಶಾನ್ಯ ಭಾಗದ ಸೆಯಾರಾ, ಪಿಯಾವಿ ರಾಜ್ಯಗಳಲ್ಲಿ ಬೆಳೆಯುವ ಒಂದು ತಾಳೆ ಮರದ ಮೇಣ. ಬಿರುಬಿಸಿಲಿನ ಆ ಸೀಮೆಯಲ್ಲಿ ಮರ ತನ್ನ ಎಲೆಯ ನೀರು ಆರದಂತೆ ಮೇಣದ ಹೊದಿಕೆ ಹೊದ್ದುಕೊಳ್ಳುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅಲ್ಲಿನ ಕೂಲಿಕಾರರು ಎಲೆ ಕೊಯ್ದು, ಒಣಗಿಸಿ, ಬಡಿದು ಆ ಪುಡಿಯನ್ನು ಉದುರಿಸುತ್ತಾರೆ. ಕರಗಿಸಿ ಸೋಸಿದರೆ ಮೇಣ. ಕರಗಲು 80 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಕಾವು ಬೇಕಾದ, ಸಸ್ಯಮೇಣಗಳಲ್ಲೇ ಬಹಳ ಗಟ್ಟಿಯಾದ ಮೇಣ ಇದು. ಈ ಮರವನ್ನೇ ಹುಡುಕಿಕೊಂಡು 1935ರಲ್ಲಿ ಅಮೆರಿಕದ ಮೇಣದ ಉದ್ಯಮಿ ಎಚ್.ಎಫ್. ಜಾನ್ಸನ್ ಪುಟ್ಟ ವಿಮಾನದಲ್ಲಿ ಬ್ರೆಜಿಲ್‌ವರೆಗೆ ಹಾರಿದ್ದರು. ಬಿಸಿಲಿನಿಂದ ಎಲೆಯನ್ನು ಕಾದದ್ದು ಈಗ ಜೆ.ಸಿ. ರಸ್ತೆಯ ಗಲ್ಲಿಯಲ್ಲಿ ಒಂದು ಬಾನೆಟ್ಟನ್ನು ಕಾಯಲು ಬಂದಿದೆ.

ಹಚ್ಚುವಾಗ ಧಾರಾಳ ಕೂಡದು. ಸ್ಪಂಜಿಗೆ ತುಸುವೇ ಮುಟ್ಟಿಸಿ, ಕಂಡೂ ಕಾಣದಷ್ಟು ತೆಳುವಾಗಿ ಸವರುತ್ತಾರೆ. ದಪ್ಪ ಬಳಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಹೆಚ್ಚುತ್ತದೆ. ಮಂಜು ಕವಿದಂತೆ ಮಬ್ಬಾದಾಗ ಬೆರಳಿನಿಂದ ಎಳೆದು ನೋಡಬೇಕು; ಜಿಡ್ಡಿಲ್ಲದೆ ಶುಭ್ರ ಗೆರೆ ಮೂಡಿದರೆ ಆರಿದೆ ಎಂದರ್ಥ. ಶುದ್ಧ ಮೈಕ್ರೋಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಬಟ್ಟೆ ಮಗುಚಿ ಇನ್ನೊಮ್ಮೆ. ಸಹಾಯಕ ಒಂದು ಲೋಟ ನೀರು ಚೆಲ್ಲಿದ. ನೀರು ಹರಡದೆ ಗುಂಡುಗುಂಡಾಗಿ ನಿಂತು, ಇಳಿಜಾರಿನಲ್ಲಿ ಓಡಿತು.

ಎಲ್ಲವೂ ಹೋಗಿದೆಯೇ? ಇಲ್ಲ. ಹಕ್ಕಿ ಹಿಕ್ಕೆಯ ಅಚ್ಚು ಮಾಡಿನ ಮೇಲೆ ಮಸುಕಾಗಿ ಉಳಿದಿದೆ. ಎಡ ಬಾಗಿಲಿನ ಉದ್ದ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಉಗುರಿಗೆ ಸಿಗುವ ಗೀರು ಪಾಲಿಶಿಗೆ ಸಿಗದು. ಹಿಂಚಕ್ರದ ಕಮಾನಿನಲ್ಲಿ ತುಕ್ಕಿನ ಗುಳ್ಳೆ ಎದ್ದಿದೆ, ಅದಕ್ಕೆ ಟಿಂಕರಿಂಗ್ ಕೆಲಸವೇ ಬೇಕು. ಮೇಸ್ತ್ರಿ ಇವನ್ನೆಲ್ಲ ಬೆರಳಿಟ್ಟು ತೋರಿಸಿದರು, ಬಣ್ಣದ ಮೇಣ ಮೆತ್ತಿ ಮುಚ್ಚಲಿಲ್ಲ. ಈ ಪ್ರಾಮಾಣಿಕತೆಯೂ ಕಸುಬಿನ ಭಾಗವೇ. "ಮುಂದಿನ ವರ್ಷ ಮತ್ತೆ ರಬ್ಬಿಂಗ್ ಹೊಡೀಲಾ?" ಎಂದು ಯಜಮಾನರು ಕೇಳಿದಾಗ ಅವರು ಜೋರಾಗಿ ತಲೆಯಾಡಿಸಿದರು. "ಬೇಡವೇ ಬೇಡ ಸಾರ್. ಎರಡು ತಿಂಗಳಿಗೊಂದ್ಸಲ ವ್ಯಾಕ್ಸ್ ಹಾಕ್ಕೊಳಿ, ಮನೇಲೇ. ನೀರು ಗುಂಡಗೆ ನಿಲ್ಲೋದು ಬಿಟ್ರೆ ವ್ಯಾಕ್ಸ್ ಹೋಯ್ತು ಅಂತ ತಿಳ್ಕೊಳಿ."

ಬಿಸಿಲು, ಹಿಕ್ಕೆ, ಸುಣ್ಣದ ನೀರು ಮೊದಲು ತಿನ್ನುವುದು ಮೇಣವನ್ನು. ಮೇಣ ಸವೆದರೆ ಮತ್ತೆ ಹಚ್ಚಬಹುದು, ಕಾರ್ಖಾನೆಯ ಬಣ್ಣ ಸವೆದರೆ ಮರಳಿ ಬರದು. ನಮ್ಮ ಬೀದಿಗಳಲ್ಲಿ ಹೀಗೆ ಮಂಕಾಗಿ ನಿಂತ ಗಾಡಿಗಳು ಎಷ್ಟೋ ಇವೆ. ಅವುಗಳಲ್ಲಿ ಬಹಳಷ್ಟಕ್ಕೆ ಹೊಸ ಪೇಂಟಿನ ಅಗತ್ಯವೇ ಇಲ್ಲ. ಹಳೆಯದೆಂದು ಬಣ್ಣ ಹೊಡೆಸಲು, ಇಲ್ಲವೇ ಗುಜರಿಗೆ ಹಾಕಲು ಹೊರಡುವ ಮೊದಲು ನೆರಳಿನಲ್ಲಿ ನಿಲ್ಲಿಸಿ, ತೊಳೆದು, ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಸೌಮ್ಯ ಪಾಲಿಶಿನಿಂದ ಕೈಯಲ್ಲೇ ಉಜ್ಜಿ ನೋಡಿ. ಬಣ್ಣ ಸಿಪ್ಪೆಯೆದ್ದಿದ್ದರೆ ಪೇಂಟರ್ ಬಳಿ ಹೋಗಿ. ಗಾಢ ಬಣ್ಣ ಇಣುಕಿದರೆ ಒಂದು ಬೆಳಗಿನ ಶ್ರಮ, ಒಂದು ಡಬ್ಬಿ ಮೇಣ ಸಾಕು.